ಘೈಮಾಳ ಪಾಲಿನ ಎಣ್ಣೆ

ಬೆಳಗಿನ ಜಾವ ಮೂರು. ವತ್ಬದ ಲಾಯದಲ್ಲಿ
ಫ್ಯಾನುಗಳಿಗೂ ನಿದ್ದೆಯಿಲ್ಲ.
ಅಕ್ಕಿ ತೌಡಿನ ಮೇಲೆ ಎಣ್ಣೆ ಹೊಯ್ಯುತ್ತೇನೆ,
ನೂಲಿನಷ್ಟು ಸಣ್ಣ ಧಾರೆ.
ಕೈಯಿಂದಲೇ ಕಲಸುತ್ತೇನೆ, ಗಂಟಾಗದಂತೆ.
ಘೈಮಾ ಅಂದರೆ ಮೋಡ. ಮೋಡ ಒಮ್ಮೆ
ಮಂಡಿಯಿಂದ ಬಾಗಿಲು ಗುದ್ದುತ್ತದೆ.

ಹೋದ ವರ್ಷ ಹೀಗಿರಲಿಲ್ಲ.
ಬೊಗಸೆ ಬೊಗಸೆ ಬಾರ್ಲಿ. ಶುಕ್ರವಾರ ಇಡೀ ದಿನ ವಿಶ್ರಾಂತಿ,
ಅಂದೂ ಅಷ್ಟೇ ಬಾರ್ಲಿ.
ಶನಿವಾರ ಓಟದಲ್ಲಿ ಹನ್ನೊಂದನೇ ಕಿಲೋಮೀಟರಿಗೆ
ಹಿಂಗಾಲು ಎಳೆಯತೊಡಗಿದಳು, ನಿಂತೇಬಿಟ್ಟಳು.
ಸೊಂಟದ ಮೇಲೆ ಕೈಯಿಟ್ಟೆ:
ಮಾಂಸವಲ್ಲ, ಒರಳುಕಲ್ಲು.
ಆಮೇಲೆ ಉಚ್ಚೆ ಹೊಯ್ದಳು, ಕಾಫಿ ಬಣ್ಣ.
ಇಲ್ಲಿಯವರ ತಿಳಿಹೊಂಬಣ್ಣದ ಗಹ್ವಾ ಅಲ್ಲ,
ನಮ್ಮ ಕಡೆಯ ಡಿಕಾಕ್ಷನ್.
ಗುಲ್‌ಬಾರ್ ಬಕೆಟ್ಟು ಕೆಳಗಿಟ್ಟು ಮುಖ ತಿರುಗಿಸಿದ.

ಡಾಕ್ಟರ್ ತಿಜಾನಿ, ಖಾರ್ಟೂಮಿನವರು,
ರಕ್ತದ ಚೀಟಿ ಹಿಡಿದು ನನ್ನನ್ನು ಕೂರಿಸಿಕೊಂಡರು:
ಸ್ನಾಯು ಒಡೆದು ಒಳಗಿನದು ರಕ್ತಕ್ಕೆ ಬಂದಿದೆ.
ಪಿಷ್ಟ ಅಂದರೆ ಒಣಹುಲ್ಲಿನ ಬೆಂಕಿ, ಧಗ್ಗೆಂದು ಮುಗಿಯುತ್ತೆ.
ಕೊಬ್ಬು ನಿಧಾನ.
ನೂರಿಪ್ಪತ್ತು ಕಿಲೋಮೀಟರಿಗೆ ಬೇಕಾದ್ದು ನಿಧಾನವೇ.
ಬಾರ್ಲಿ ಇಳಿಸು, ಎಣ್ಣೆ ಏರಿಸು,
ಒಂದೇ ದಿನಕ್ಕಲ್ಲ, ವಾರಗಟ್ಟಲೆ. ಜೊತೆಗೆ ವಿಟಮಿನ್ ಇ.
ಆಮೇಲೆ ನನ್ನ ಬ್ಯಾಡ್ಜ್ ನೋಡಿ,
"ಗಾಣಿಗೇರ. ಏನು ಅರ್ಥ?"

ಅರಬ್ಬಿಯಲ್ಲಿ ಏನಂತ ಹೇಳಲಿ?
ಕೈಯೆತ್ತಿ ಗಾಳಿಯಲ್ಲಿ ಒಂದು ಸುತ್ತು ಹಾಕಿ ತೋರಿಸಿದೆ.
ಎತ್ತು, ಕಣ್ಣಿಗೆ ಬಟ್ಟೆ, ಮರದ ಕಿರಗುಟ್ಟು,
ಕೋಣೆ ತುಂಬ ಕುಸುಬಿಯ ಘಮ.
ಅಪ್ಪ ಎಣ್ಣೆಯನ್ನು ಅಂಗಡಿಗೆ ಅಳೆಯುತ್ತಿದ್ದ,
ಹಿಂಡಿಯನ್ನು ಎತ್ತಿನ ಮುಂದೆ ಒಡೆದು ಹಾಕುತ್ತಿದ್ದ.
ಅನ್ಯಾಯ ಅಂತ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.
ಎತ್ತಿಗೆ ಅನಿಸಿದ್ದರೆ ಅದು ಹೇಳಲಿಲ್ಲ.

ಮೊದಲ ದಿನ ಎರಡು ಚಮಚ.
ಮೂಸಿದಳು, ತುಟಿ ಮೇಲೆತ್ತಿದಳು,
ನನ್ನ ಅಂಗಿಯ ಮೇಲೆ ಸೀನಿದಳು.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನೀನೇ, ಅಂದೆ.
ನಾಲ್ಕನೇ ದಿನ ಬೋಗುಣಿಯ ತಳ ನೆಕ್ಕಿದಳು.
ಆರನೇ ವಾರಕ್ಕೆ ಎರಡು ಲೋಟ.

ಅದೇ ತಿಂಗಳು ಕ್ಯಾಂಪಿನ ಕ್ಲಿನಿಕ್ಕಿನವನು
ನನ್ನ ರಕ್ತದ ಚೀಟಿ ನೋಡಿ
"ಎಣ್ಣೆ ಬಿಡು, ಮುಟ್ಟಲೇಬೇಡ" ಅಂದ.
ಮುಟ್ಟದೆ ಹೇಗೆ? ಮೊಣಕೈವರೆಗೂ ಅದೇ.
ನನ್ನ ಪಾಲಿನದನ್ನೂ ಅವಳೇ ತಿನ್ನಲಿ,
ನನಗೇನು ಓಡುವುದಿದೆಯೇ.

ಮತ್ತೆ ಓಟ. ನೀರಿನ ಬಾಟಲಿ ಹಿಡಿದು ದಾರಿಬದಿಗೆ ನಿಂತಿದ್ದೇವೆ.
ದೂರದಲ್ಲಿ ಕುದುರೆಗಳು ಕೆರೆಯ ಮೇಲೆ ಕಾಲಿಲ್ಲದೆ ತೇಲಿ ಬರುತ್ತಿವೆ.
ಕೆರೆ ಎಲ್ಲಿಂದ ಬಂತು? ಬಿಸಿಲ್ಗುದುರೆ.
ನಮ್ಮ ಮಾತಿನಲ್ಲಿ ಅದೂ ಒಂದು ಕುದುರೆ, ಅಂದೆ.
ಗುಲ್‌ಬಾರ್ ಸ್ವಲ್ಪ ಯೋಚಿಸಿ ಕೇಳಿದ,
"ಅದಕ್ಕೆ ಮೇವು ಏನು?"

ನಾಲ್ಕು ಸುತ್ತು. ಸುತ್ತಿ ಸುತ್ತಿ ಹೊರಟಲ್ಲಿಗೇ.
ಕಣ್ಣಿಗೆ ಬಟ್ಟೆ ಇಲ್ಲ, ಅಷ್ಟೇ.
ತಪಾಸಣೆಯಲ್ಲಿ ಎದೆಬಡಿತ ಅರವತ್ತೊಂದು.
ವಸಡು ಒತ್ತಿ ಬಿಟ್ಟರು, ಬಿಳಿ ಹೋಗಿ ಕೆಂಪು ಬಂತು.
ಗುರಿ ಮುಟ್ಟಿದ್ದು ಮೂವತ್ತೆರಡನೆಯವಳಾಗಿ,
ಮಾಲೀಕರ ಕಾರು ಆಗಲೇ ಹೊರಟುಹೋಗಿತ್ತು.

ಬಿಳಿ ಡಬ್ಬಿ ಹಿಡಿದು ಅವಳ ಪಕ್ಕ ಕಾದೆ,
ಮುಕ್ಕಾಲು ಗಂಟೆ, ಮೆಲ್ಲಗೆ ಸಿಳ್ಳೆ ಹಾಕುತ್ತ.
ಸೊಂಟ ಮುಟ್ಟಿದೆ: ಬೆಚ್ಚಗೆ, ಒತ್ತಿದರೆ ಒಳಸರಿಯುತ್ತೆ.
ಕಾಲು ಅಗಲಿಸಿದಳು.
ಡಬ್ಬಿಯನ್ನು ಬೆಳಕಿಗೆ ಎತ್ತಿದೆ,
ಒಣಹುಲ್ಲಿನ ಹಳದಿ,
ಅದರಲ್ಲಿ ಒಂಚೂರು ಮೋಡ, ಇರಬೇಕಾದಷ್ಟೇ.

ದೂರದಿಂದಲೇ ಡಾಕ್ಟರಿಗೆ ತೋರಿಸಿದೆ.
ಅವರು ಇನ್ನೊಂದು ಕುದುರೆಯ ಎದೆಗೆ ಕಿವಿಗೊಟ್ಟಿದ್ದರು,
ಮಾತಾಡಲಿಲ್ಲ.
ಬಿಡುವಾಗಿದ್ದ ಕೈಯೆತ್ತಿ
ಗಾಳಿಯಲ್ಲಿ ಒಂದು ಸುತ್ತು ಹಾಕಿದರು.